ಹೆಸರು ಮಸಾಜರ್, ಹೊಣೆ ಯಾರದು?

2024ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ಕೊಟ್ಟ ಒಂದು ತೀರ್ಪು ಆ ವಾರ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜೋಕಾಗಿ ಓಡಾಡಿತು, ಮುಂದಿನ ವಾರ ಮರೆತುಹೋಯಿತು. ವಿದೇಶದಿಂದ ತರಿಸಿದ ಬಾಡಿ ಮಸಾಜರ್‌ಗಳ ಸರಕನ್ನು ಕಸ್ಟಮ್ಸ್‌ನವರು ತಡೆದಿದ್ದರು. ಇವನ್ನು ಲೈಂಗಿಕ ಆಟಿಕೆಯಾಗಿಯೂ ಬಳಸಬಹುದು, ಹಾಗಾಗಿ ಇವು ಅಶ್ಲೀಲ, ಹಾಗಾಗಿ ಮುಟ್ಟುಗೋಲು ಎಂಬುದು ಅವರ ವಾದ. ಆಧಾರವಾಗಿ ಹಿಡಿದುಕೊಂಡಿದ್ದು 1964ರ ಜನವರಿಯ ಒಂದು ಅಧಿಸೂಚನೆಯನ್ನು. ಅಶ್ಲೀಲ ಪುಸ್ತಕ, ಚಿತ್ರ, ವಸ್ತುಗಳ ಆಮದು ತಡೆಯಲೆಂದು ಬಂದ ಕಾಗದ ಅದು. ಮೇಲ್ಮನವಿ ನ್ಯಾಯಮಂಡಳಿ 2023ರಲ್ಲೇ ಈ ವಾದವನ್ನು ತಳ್ಳಿಹಾಕಿತ್ತು. ಹೈಕೋರ್ಟ್ ಅದನ್ನೇ ಎತ್ತಿಹಿಡಿದು, ಮಸಾಜರ್‌ ಅನ್ನು ಅಶ್ಲೀಲ ವಸ್ತುವೆಂದು ಕರೆಯುವುದು ಆಯುಕ್ತರ ಕಲ್ಪನೆಯಷ್ಟೇ ಎಂಬರ್ಥದ ಮಾತು ಹೇಳಿತು. ಇಂಥ ಮಾಲು ದೇಶದೊಳಗೆ ಬಹಿರಂಗವಾಗಿಯೇ ಮಾರಾಟವಾಗುತ್ತಿದೆ ಎಂಬುದನ್ನೂ ಗಮನಿಸಿತು.

ತೀರ್ಪು ಒಳ್ಳೆಯದೇ. ಆದರೆ ಅದು ಗೆದ್ದ ದಾರಿಯನ್ನು ಸ್ವಲ್ಪ ನಿಂತು ನೋಡಬೇಕು. ಲೈಂಗಿಕ ಆಟಿಕೆ ಇಟ್ಟುಕೊಳ್ಳುವುದು, ಮಾರುವುದು ತಪ್ಪಲ್ಲ ಎಂದು ನ್ಯಾಯಾಲಯ ಹೇಳಲಿಲ್ಲ. ಇದು ಮಸಾಜರ್, ಇದನ್ನು ಮಸಾಜರ್ ಎಂದೇ ನೋಡಿ ಎಂದಿತು. ಅಂದರೆ ಆ ಮಾಲು ಬಂದರಿನಿಂದ ಹೊರಬಂದದ್ದು ಹೆಸರಿನ ಬಲದಿಂದ. ಆ ಹೆಸರಿಗೆ ಬಳಕೆದಾರರು ಬೆಲೆ ತೆರುತ್ತಿದ್ದಾರೆ. ಭುಜಕ್ಕೆ, ಬೆನ್ನಿಗೆ ಒತ್ತಿಕೊಳ್ಳುವ ಯಂತ್ರ ಎಂದು ಡಬ್ಬಿಯ ಮೇಲೆ ಬರೆದ ಮೇಲೆ, ಅದು ನಿಜವಾಗಿ ಎಲ್ಲಿ ತಾಗುತ್ತದೋ ಆ ಜಾಗದ ಬಗ್ಗೆ ಒಳಗಿನ ಚೀಟಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಯಾವ ಪ್ಲಾಸ್ಟಿಕ್, ಹೇಗೆ ತೊಳೆಯಬೇಕು, ಎಷ್ಟು ಹೊತ್ತು ಬಳಸಬಹುದು, ನೀರಿಗೆ ಹಾಕಬಹುದೋ ಇಲ್ಲವೋ, ಯಾವುದನ್ನೂ ಯಾರೂ ಹೇಳುವುದಿಲ್ಲ.

ನಾನು ಪುಣೆಯಲ್ಲಿ ಹದಿನಾಲ್ಕು ವರ್ಷದಿಂದ ಲಿಥಿಯಂ ಬ್ಯಾಟರಿ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಸ್ಕೂಟರ್‌ನಿಂದ ಹಿಡಿದು ಟ್ರಿಮ್ಮರ್‌ವರೆಗೆ ಎಲ್ಲದರ ಹೊಟ್ಟೆ ಬಗೆದು ನೋಡುವುದೇ ನಮ್ಮ ಕಸುಬು. ಹಾಗಾಗಿ ಈ ವಿಷಯ ನನಗೆ ಮಡಿ-ಮೈಲಿಗೆಯ ಪ್ರಶ್ನೆಯಾಗಿ ಕಾಣುವುದಿಲ್ಲ, ಗ್ರಾಹಕ ಸುರಕ್ಷತೆಯ ಪ್ರಶ್ನೆಯಾಗಿ ಕಾಣುತ್ತದೆ. ಊರು ಬಿಟ್ಟು ಬಂದು ಪಿಜಿಯಲ್ಲಿ, ಮೂವರು ಹಂಚಿಕೊಂಡ ಫ್ಲ್ಯಾಟ್‌ನಲ್ಲಿ ಇರುವವರಿಗೆ, ಗಂಡ ಹೈದರಾಬಾದಿನಲ್ಲಿ ಹೆಂಡತಿ ಚೆನ್ನೈನಲ್ಲಿ ಎಂದು ಸಂಸಾರ ಮಾಡುವವರಿಗೆ ಇದು ದೂರದ ವಿಷಯವೂ ಅಲ್ಲ.

ಹೋದ ವರ್ಷ ನಮ್ಮ ಸಂಘದ ಯುಗಾದಿ ಊಟದ ದಿನ, ಹಿಂಜವಡಿಯಲ್ಲಿ ಕೆಲಸ ಮಾಡುವ ಗದಗಿನ ಕಡೆಯ ಹುಡುಗಿಯೊಬ್ಬಳು ಕೈ ತೊಳೆಯುವ ಜಾಗದಲ್ಲಿ ನನ್ನ ಹತ್ತಿರ ಬಂದಳು.

“ಅಕ್ಕಾರ, ಒಂದ್ ಮಾತ್ ಕೇಳ್ಲೇನ್ರಿ? ನಗಬ್ಯಾಡ್ರಿ ಮತ್ತ.”

“ನಗೂದಿಲ್ಲ, ಕೇಳವಾ.”

ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಆನ್‌ಲೈನ್‌ನಲ್ಲಿ ತರಿಸಿದ್ದ ‘ಪರ್ಸನಲ್ ಮಸಾಜರ್’. ಹಿಡಿಯ ಭಾಗದ ಜೋಡಣೆ ಬಾಯಿಬಿಟ್ಟಿತ್ತು, ಒಳಗಿಂದ ಏನೋ ಉಬ್ಬಿ ಹೊರಗೆ ತಳ್ಳಿದ ಹಾಗೆ. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಒಳಗಿನ ಸೆಲ್ ಊದಿಕೊಂಡಿದೆ. ಎಲ್ಲಿಟ್ಟಿದ್ದೀ ಎಂದೆ. ಪಿಜಿಯ ಕಪಾಟಿನಲ್ಲಿ, ಚಳಿಗಾಲದ ಬಟ್ಟೆಗಳ ನಡುವೆ. ರೂಮ್‌ಮೇಟ್ ಕಣ್ಣಿಗೆ ಬೀಳಬಾರದೆಂದು ಚಾರ್ಜ್ ಮಾಡುವುದೂ ಅಲ್ಲೇ, ವೈರನ್ನು ಬಾಗಿಲ ಸಂದಿಯಿಂದ ಒಳಕ್ಕೆ ಎಳೆದು, ಮೇಲೆ ದುಪಟ್ಟಾ ಮುಚ್ಚಿ. ಆರು ಹುಡುಗಿಯರು ಮಲಗುವ ಮಹಡಿ ಅದು.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಊದಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬಾರದು. ಒತ್ತಿ ಸರಿಮಾಡಲು, ಚುಚ್ಚಲು ಹೋಗಲೇಬಾರದು. ಬಟ್ಟೆ, ಕಾಗದಗಳಿಂದ ದೂರ, ಮಕ್ಕಳ ಕೈಗೆ ಸಿಗದಂತೆ, ಸ್ಟೀಲ್ ಪಾತ್ರೆಯೊಂದರಲ್ಲಿ ನೆರಳಿರುವ ಬಾಲ್ಕನಿಯಲ್ಲಿಟ್ಟು, ಆದಷ್ಟು ಬೇಗ ಇ-ತ್ಯಾಜ್ಯ ಪಡೆಯುವವರಿಗೆ ಕೊಡಬೇಕು. ಅಕಸ್ಮಾತ್ ಹೊಗೆ ಬಂದರೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಧಾರಾಳವಾಗಿ ನೀರು ಸುರಿಯಿರಿ. ಲಿಥಿಯಂ ಎಂದರೆ ನೀರು ಹಾಕಲೇಬಾರದು ಎಂಬ ಮಾತು ಇಂಥ ಸಣ್ಣ ಲಿಥಿಯಂ-ಅಯಾನ್ ಸೆಲ್‌ಗೆ ಹೊಂದುವುದಿಲ್ಲ. ಇಲ್ಲಿ ನೀರಿನ ಕೆಲಸ ತಣ್ಣಗಾಗಿಸುವುದು. ಹೊಗೆಯನ್ನು ಮಾತ್ರ ಉಸಿರಾಡಬೇಡಿ.

ಹೆದರಿಸುವುದು ನನ್ನ ಉದ್ದೇಶವಲ್ಲ, ಲೆಕ್ಕವನ್ನೂ ಹೇಳಬೇಕು. ಇಂಥ ಸಾಧನದೊಳಗೆ 300 ಎಂಎಎಚ್‌ನ ಒಂದು ಸೆಲ್ ಇದೆ ಎಂದುಕೊಳ್ಳಿ. ಅದರಲ್ಲಿ ಹಿಡಿಯುವ ಶಕ್ತಿ ಸುಮಾರು 1.1 ವ್ಯಾಟ್-ಅವರ್. ನಿಮ್ಮ ಜೇಬಿನಲ್ಲಿರುವ 5000 ಎಂಎಎಚ್ ಫೋನಿನಲ್ಲಿ 18ಕ್ಕಿಂತ ಹೆಚ್ಚು. ಹೀಗೆ ನೋಡಿದರೆ ಇದು ಫೋನಿಗಿಂತ ಎಷ್ಟೋ ಸಣ್ಣ ಅಪಾಯ. ವ್ಯತ್ಯಾಸ ಇರುವುದು ಎರಡೇ ಕಡೆ. ಫೋನನ್ನು ನಾವು ದಿನವೂ ಕಣ್ಣೆದುರು ಇಟ್ಟುಕೊಳ್ಳುತ್ತೇವೆ, ಇದನ್ನು ತಿಂಗಳುಗಟ್ಟಲೆ ಬಚ್ಚಿಡುತ್ತೇವೆ. ಮತ್ತೆ, ಇದು ತಾಗುವುದು ಮೈಯ ಅತಿ ಮೃದುವಾದ ಜಾಗಕ್ಕೆ.

ಬಚ್ಚಿಡುವುದೇ ಬ್ಯಾಟರಿಗೆ ದೊಡ್ಡ ಶತ್ರು. ಲಿಥಿಯಂ ಸೆಲ್ ಪೂರ್ತಿ ಬರಿದಾಗಿ ಬಹುಕಾಲ ಬಿದ್ದಿದ್ದರೆ ಅದರ ವೋಲ್ಟೇಜ್ ಇಳಿಯುತ್ತಾ ಹೋಗಿ, ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಆಮೇಲೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಹೆರಿಗೆಗೆಂದು ಊರಿಗೆ ಹೋಗಿ ಆರೇಳು ತಿಂಗಳು ಬಿಟ್ಟು ಬರುವವರು, ಪ್ರಾಜೆಕ್ಟ್ ಮೇಲೆ ವರ್ಷ ಹೊರಗಿರುವವರು ಇದನ್ನು ನೆನಪಿಡಬೇಕು. ಪೂರ್ತಿ ತುಂಬಿಯೂ ಇಡಬೇಡಿ, ಬರಿದು ಮಾಡಿಯೂ ಇಡಬೇಡಿ, ಅರ್ಧ ಚಾರ್ಜ್ ಇರಲಿ. ಎರಡು ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್, ಚೆನ್ನೈನ ಮೇ ತಿಂಗಳಲ್ಲಿ ತಾರಸಿ ಕೆಳಗಿನ ಅಟ್ಟ, ಇವೆರಡೂ ಬೇಡ. 45 ಡಿಗ್ರಿ ದಾಟಿದ ಕಡೆ ಲಿಥಿಯಂ ಸೆಲ್ ಚಾರ್ಜ್ ಮಾಡಲೇಬಾರದು. ಹಾಸಿಗೆ, ದಿಂಬು, ಕಂಬಳಿಯ ಮೇಲೂ ಬೇಡ, ಅವು ಶಾಖವನ್ನು ಹೊರಗೆ ಬಿಡುವುದಿಲ್ಲ. ಟೈಲ್ಸ್ ನೆಲ, ಕಲ್ಲಿನ ಕಟ್ಟೆ ಒಳ್ಳೆಯದು. ನಿದ್ದೆ ಹೋಗುವ ಮೊದಲು ಚಾರ್ಜ್‌ನಿಂದ ತೆಗೆಯಿರಿ.

ಚಾರ್ಜರ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. 65 ವ್ಯಾಟ್‌ನ ಫಾಸ್ಟ್ ಚಾರ್ಜರ್ ಹಾಕಿದರೆ ಸಣ್ಣ ಸಾಧನ ಸುಟ್ಟುಹೋಗುತ್ತದೆ ಎನ್ನುತ್ತಾರೆ. ಒಳ್ಳೆಯ ಚಾರ್ಜರ್ ಹಾಗೆ ಮಾಡುವುದಿಲ್ಲ. ಸಾಧನ ಕೇಳದ ಹೊರತು ಅದು 5 ವೋಲ್ಟ್ ಮೀರುವುದಿಲ್ಲ. ಹಾನಿ ಮಾಡುವುದು ರಸ್ತೆ ಬದಿಯಲ್ಲಿ ಸಿಗುವ ಹೆಸರಿಲ್ಲದ ಚಾರ್ಜರ್. ಅದಕ್ಕಿಂತ ಹೆಚ್ಚಾಗಿ ದುಂಡನೆಯ ಪಿನ್. ಯುಎಸ್‌ಬಿ ಬಿಟ್ಟು ದುಂಡು ಪಿನ್ ಇರುವ ಸಾಧನಗಳಲ್ಲಿ, ರೂಟರ್‌ನ ಅಡಾಪ್ಟರ್ ಪಿನ್ ಕೂಡ ಸರಿಯಾಗಿ ಹೊಂದಿಕೊಂಡುಬಿಡಬಹುದು. ಅದು ಕೊಡುವುದು 12 ವೋಲ್ಟ್. ಪಿನ್ ಹೊಂದಿತು ಎಂದರೆ ವೋಲ್ಟೇಜ್ ಹೊಂದಿತು ಎಂದಲ್ಲ, ಡಬ್ಬಿಯಲ್ಲಿ ಬಂದ ವೈರನ್ನೇ ಬಳಸಿ. ಇನ್ನು ಕೆಲವರು “ಟೈಪ್-ಸಿಯಿಂದ ಟೈಪ್-ಸಿ ವೈರ್ ಹಾಕಿದರೆ ಚಾರ್ಜ್ ಆಗೋದೇ ಇಲ್ಲ, ಕೆಟ್ಟಿದೆ” ಎಂದು ಎಸೆಯುತ್ತಾರೆ. ತಯಾರಕರು ನಾಲ್ಕು ಕಾಸು ಉಳಿಸಲು ಒಳಗೆ ಎರಡು ರೆಸಿಸ್ಟರ್ ಬಿಟ್ಟಿರುತ್ತಾರೆ, ಅಷ್ಟೇ. ಹಳೆಯ ಅಗಲ ಬಾಯಿಯ ಯುಎಸ್‌ಬಿ ವೈರ್ ಹಾಕಿದರೆ ಚಾರ್ಜ್ ಆಗುತ್ತದೆ.

ತೊಳೆದ ತಕ್ಷಣ ಚಾರ್ಜಿಗೆ ಹಾಕುವುದು ನಾನು ಕಂಡ ಹಾಗೆ ಹೆಚ್ಚು ಸಾಧನ ಕೆಡಿಸುವ ಅಭ್ಯಾಸ. ಅಯಸ್ಕಾಂತದಿಂದ ಅಂಟಿಕೊಳ್ಳುವ ಎರಡು ಲೋಹದ ಚುಕ್ಕೆಗಳ ನಡುವೆ ಒಂದು ಹನಿ ನೀರಿದ್ದರೂ ಸಾಕು, ಕರೆಂಟ್ ಹರಿದು ಹಸಿರು ಕಿಲುಬು ಕಟ್ಟುತ್ತದೆ. ಒರೆಸಿ, ಗಂಟೆಗಟ್ಟಲೆ ಆರಲು ಬಿಟ್ಟು, ಆಮೇಲೆ ಹಾಕಿ. ‘ವಾಟರ್‌ಪ್ರೂಫ್’ ಎಂಬ ಪದವನ್ನು ನಂಬಬೇಡಿ, ಅಂಕಿ ನೋಡಿ. ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಲ್ಲಿ 30 ನಿಮಿಷ ತಡೆಯುವ ಪರೀಕ್ಷೆ ಆಗಿದೆ ಎಂದರ್ಥ. ಐಪಿಎಕ್ಸ್4 ಎಂದರೆ ನೀರು ಸಿಡಿದರೆ ತೊಂದರೆಯಿಲ್ಲ ಎಂದಷ್ಟೇ, ಅದನ್ನು ನಲ್ಲಿಯ ಕೆಳಗೆ ಹಿಡಿಯುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮೋಟರ್ ಇರುವ ಯಾವುದನ್ನೂ ಕುದಿಸಬಾರದು. ಚಾರ್ಜ್ ಆಗುತ್ತಿರುವಾಗ ಬಳಸಲೂಬಾರದು. ಮುಷ್ಟಿಯಲ್ಲಿ ಹಿಡಿದುಕೊಳ್ಳಲು ಆಗದಷ್ಟು ಬಿಸಿಯಾದರೆ ಅಲ್ಲಿಗೆ ನಿಲ್ಲಿಸಿ. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಬಿಸಿ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ, ಅವರು ಇನ್ನಷ್ಟು ಎಚ್ಚರ ವಹಿಸಬೇಕು.

ಪೆನ್ಸಿಲ್ ಸೆಲ್ ಹಾಕುವ ಅಗ್ಗದ ಮಾದರಿಗಳ ಕಥೆ ಸರಳ. ಬಳಸದಾಗ ಸೆಲ್ ತೆಗೆದಿಡಿ, ಹಳೆಯದು ಹೊಸದು ಬೆರೆಸಬೇಡಿ. ಸೋರಿದ ಆಲ್ಕಲೈನ್ ಸೆಲ್‌ನ ಬಿಳಿ ಪುಡಿ ಚರ್ಮ ಸುಡುವ ಕ್ಷಾರ. ಹಾಗೆ ಸೋರಿದ ಸಾಧನವನ್ನು ಮತ್ತೆ ಮೈಗೆ ತಾಗಿಸುವ ಯೋಚನೆ ಬಿಡಿ. ಬಟನ್ ಸೆಲ್ ಇರುವಂಥದ್ದು ಮಗುವಿರುವ ಮನೆಯಲ್ಲಿ ಇದ್ದರೆ ಬೀಗದೊಳಗೆ ಇರಬೇಕು. ಮಗು ನುಂಗಿದರೆ ಅನ್ನನಾಳ ಸುಡಲು ಎರಡು ಗಂಟೆ ಸಾಕು. ಎಲ್ಲಿಂದ ಬಂತು ಆ ಸೆಲ್ ಎಂದು ಆಸ್ಪತ್ರೆಯಲ್ಲಿ ಹೇಳಲು ನಾಚಿಕೊಂಡು ತಡಮಾಡುವ ಹೊತ್ತಲ್ಲ ಅದು.

ಈಗ ಹೊರಮೈ. ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಪ್ಲಾಸ್ಟಿಕ್ ಮೆತ್ತಗಾಗಲು ಬೆರೆಸುವ ಥಾಲೇಟ್ ರಾಸಾಯನಿಕಗಳಿಗೆ ಅದರಲ್ಲಿ ಮಿತಿ ಇದೆ. ಕನ್ನಡದ ಪತ್ರಿಕೆಗಳು ‘ಲೈಂಗಿಕ ಆಟಿಕೆ’ ಎಂದು ಬರೆಯುತ್ತವಾದರೂ ಈ ‘ಆಟಿಕೆ’ ಆ ಆಟಿಕೆಯ ನಿಯಮದೊಳಗೆ ಬರುವುದಿಲ್ಲ. ಗೊಂಬೆಗೆ ಇರುವ ಕಾವಲು ಗರ್ಭದ್ವಾರದವರೆಗೆ ಹೋಗುವ ವಸ್ತುವಿಗೆ ಇಲ್ಲ. ಜಗತ್ತಿನಲ್ಲಿ ಮಾದರಿ ಇಲ್ಲವೆಂದಲ್ಲ. ಜನನಾಂಗಕ್ಕೆ, ಗುದದ್ವಾರಕ್ಕೆ ತಾಗುವ ಇಂಥ ಸಾಧನಗಳ ವಸ್ತು, ವಿನ್ಯಾಸ ಮತ್ತು ಬಳಕೆದಾರರಿಗೆ ಕೊಡಬೇಕಾದ ಮಾಹಿತಿಯ ಬಗ್ಗೆ ಐಎಸ್‌ಒ 3533 ಎಂಬ ಅಂತರರಾಷ್ಟ್ರೀಯ ಮಾನದಂಡ 2021ರಲ್ಲೇ ಬಂದಿದೆ. ಬರೀ ನೈತಿಕತೆಯ ಚರ್ಚೆಯಲ್ಲಿ ಮುಳುಗಿದ ನಾವು ಇದನ್ನು ಓದಿಲ್ಲ.

ಕೊಳ್ಳುವವರು ತಾವಾಗಿಯೇ ನೋಡಬಹುದಾದದ್ದು ಇಷ್ಟು. ಸಿಲಿಕೋನ್, ಗಟ್ಟಿ ಎಬಿಎಸ್ ಪ್ಲಾಸ್ಟಿಕ್, ಸ್ಟೀಲ್ ಇವು ನೀರು ಹೀರುವುದಿಲ್ಲ, ಸೌಮ್ಯ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಚ್ಛವಾಗುತ್ತವೆ. ಜೆಲ್ಲಿಯಂತೆ ಅಂಟಂಟಾಗಿ, ಹೊಸ ಮಳೆಕೋಟಿನಂತೆ ಘಾಟು ಹೊಡೆಯುವ ಪಿವಿಸಿ ಸಣ್ಣ ರಂಧ್ರಗಳ ವಸ್ತು, ಎಷ್ಟು ತೊಳೆದರೂ ಕೊಳೆ ಒಳಗೆ ಉಳಿಯುತ್ತದೆ. ಅದನ್ನು ಬಳಸುವುದೇ ಆದರೆ ಮೇಲೆ ಕಾಂಡೋಮ್ ಹಾಕಿ. ಇಬ್ಬರು ಹಂಚಿಕೊಂಡರೂ ಅಷ್ಟೇ. ಒಬ್ಬರಿಂದ ಒಬ್ಬರಿಗೆ, ಹಿಂದಿನಿಂದ ಮುಂದಕ್ಕೆ ಹೋಗುವಾಗ ಕಾಂಡೋಮ್ ಬದಲಿಸಬೇಕು, ಸೋಂಕು ಹರಡುವುದೇ ಅಲ್ಲಿ. ಡೆಟಾಲ್ ಹಾಕಿ ತೊಳೆಯುವ ಅಭ್ಯಾಸ ನಮ್ಮಲ್ಲಿ ಬಹಳ, ಅದರ ಅಂಶ ಉಳಿದರೆ ಒಳಚರ್ಮ ಉರಿಯುತ್ತದೆ. ಕೊಬ್ಬರಿ ಎಣ್ಣೆ ನಮ್ಮ ಎಲ್ಲ ಕಾಯಿಲೆಗೂ ಮದ್ದು, ಒಪ್ಪಿದೆ, ಆದರೆ ಎಣ್ಣೆ ತಾಗಿದ ಲೇಟೆಕ್ಸ್ ಕಾಂಡೋಮ್ ನಿಮಿಷಗಳಲ್ಲಿ ದುರ್ಬಲವಾಗುತ್ತದೆ. ಸಿಲಿಕೋನ್ ಸಾಧನಕ್ಕೆ ಸಿಲಿಕೋನ್ ಜೆಲ್ಲೂ ಆಗದು, ಮೇಲ್ಮೈ ಕೆಡುತ್ತದೆ. ನೀರಿನ ಆಧಾರದ ಜೆಲ್ ಔಷಧದ ಅಂಗಡಿಯಲ್ಲೇ ಸಿಗುತ್ತದೆ. ಗುದದ್ವಾರಕ್ಕೆ ಬಳಸುವ ಸಾಧನದ ಬುಡ ಅಗಲವಾಗಿರಲೇಬೇಕು. ಬುಡವಿಲ್ಲದ್ದು ಒಳಗೆ ಜಾರಿದರೆ ಕೈಯಿಂದ ತೆಗೆಯಲು ಸಾಹಸ ಮಾಡದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಡಾಕ್ಟರರು ಇದನ್ನು ಮೊದಲ ಸಲ ನೋಡುತ್ತಿರುವುದಿಲ್ಲ.

ಹಾಗೆ ಹೋಗಲು ತಡೆಯುವುದು ನಾಚಿಕೆ ಮಾತ್ರವಲ್ಲ, ಪೊಲೀಸರ ಭಯವೂ ಹೌದು. ಆ ಭಯಕ್ಕೆ ಎಷ್ಟು ಆಧಾರವಿದೆ? ಐಪಿಸಿಯ 292ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294 ಆಗಿದೆ. ಅದು ಹೇಳುವುದು ಅಶ್ಲೀಲ ವಸ್ತುವಿನ ಮಾರಾಟ, ಬಾಡಿಗೆ, ಹಂಚಿಕೆ, ಸಾರ್ವಜನಿಕ ಪ್ರದರ್ಶನ ಮತ್ತು ಅದಕ್ಕಾಗಿ ಇಟ್ಟುಕೊಳ್ಳುವುದರ ಬಗ್ಗೆ. ಮನೆಯಲ್ಲಿ ಸ್ವಂತಕ್ಕೆ ಇಟ್ಟುಕೊಳ್ಳುವುದು ಅದರಲ್ಲಿ ಬರುವುದಿಲ್ಲ. ಅಶ್ಲೀಲ ಯಾವುದು ಎಂಬುದನ್ನು ಆಯಾ ಕಾಲದ ಸಮಾಜದ ಮಟ್ಟದಿಂದ ಅಳೆಯಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಆದರೂ ಕೆಳಗಿನ ಹಂತದಲ್ಲಿ ಅಧಿಕಾರಿಯ ಅಳತೆಗೋಲೇ ನಡೆಯುತ್ತದೆ. ಎಫ್.ಎನ್. ಸೂಜಾ, ಅಕ್ಬರ್ ಪದಮ್‌ಸೀ ಅವರ ಚಿತ್ರಗಳನ್ನೇ ಮುಂಬೈ ಕಸ್ಟಮ್ಸ್ ಅಶ್ಲೀಲವೆಂದು ಹಿಡಿದಿಟ್ಟು, 2024ರ ಅಕ್ಟೋಬರ್‌ನಲ್ಲಿ ಹೈಕೋರ್ಟಿನಿಂದ ಹೇಳಿಸಿಕೊಳ್ಳಬೇಕಾಯಿತು. ಗೋವಾದ ಕಲಂಗುಟ್‌ನಲ್ಲಿ 2021ರಲ್ಲಿ ಬಹಿರಂಗವಾಗಿ ತೆರೆದ ಇಂಥ ಅಂಗಡಿಯೊಂದು ಕೆಲವೇ ವಾರಗಳಲ್ಲಿ ಪಂಚಾಯಿತಿಯ ಆಕ್ಷೇಪಕ್ಕೆ ಬಾಗಿಲು ಹಾಕಿತು. ಹೀಗಾಗಿ ಮಾರುವವನು ನಿಜವಾದ ಹೆಸರು ಹೇಳಲಾರ, ಹೇಳದವನಿಂದ ಸರಿಯಾದ ಮಾಹಿತಿ ಬಾರದು.

ವಿಮಾನದಲ್ಲಿ ಊರಿಗೆ ಹೋಗಿಬರುವವರಿಗೆ ಒಂದು ಮಾತು. ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್‌ಬ್ಯಾಂಕ್ ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ಒಳಗೇ ಬ್ಯಾಟರಿ ಇರುವ ಸಾಧನವನ್ನೂ ಕೈಚೀಲದಲ್ಲೇ ಒಯ್ಯುವುದು ಮೇಲು. ಚೆಕ್-ಇನ್‌ಗೆ ಹಾಕಿದರೆ ಪೂರ್ತಿ ಆಫ್ ಆಗಿರಬೇಕು, ತಾನಾಗಿ ಚಾಲೂ ಆಗಬಾರದು. ಬಟನ್ ಹಿಡಿದು ಲಾಕ್ ಮಾಡುವ ಸೌಲಭ್ಯ ಹಲವು ಮಾದರಿಗಳಲ್ಲಿ ಇದೆ. ಗುಂಯ್‌ಗುಡುವ ಬ್ಯಾಗನ್ನು ಭದ್ರತಾ ಸಿಬ್ಬಂದಿ ತೆರೆಸದೆ ಬಿಡುವುದಿಲ್ಲ, ಅದು ಅವರ ಕೆಲಸ.

ಫೋನಿನ ಆ್ಯಪ್‌ನಿಂದ ನಡೆಯುವ ಮಾದರಿಗಳಲ್ಲಿ ಬ್ಯಾಟರಿಗಿಂತ ಬೇರೆ ಅಪಾಯವಿದೆ. ಕೆನಡಾದ ಸ್ಟ್ಯಾಂಡರ್ಡ್ ಇನ್ನೊವೇಶನ್ ಎಂಬ ಕಂಪನಿ ಬಳಕೆದಾರರ ಖಾಸಗಿ ಬಳಕೆಯ ವಿವರಗಳನ್ನು ಅವರಿಗೆ ಹೇಳದೆ ಸಂಗ್ರಹಿಸಿದೆ ಎಂಬ ಮೊಕದ್ದಮೆ ಅಮೆರಿಕದಲ್ಲಿ ನಡೆದು, 2017ರಲ್ಲಿ 37.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಇಮೇಲ್, ಫೋನ್ ನಂಬರು ಕೇಳುವ ಆ್ಯಪ್‌ಗೆ ಅವನ್ನು ಕೊಡದೆಯೂ ಸಾಧನ ನಡೆಯುವುದಾದರೆ ಕೊಡಬೇಡಿ. ಬಳಸದಾಗ ಬ್ಲೂಟೂತ್ ಆರಿಸಿ.

ಇನ್ನು ಹಾಳಾದದ್ದನ್ನು ಎಸೆಯುವುದು. ನಾಚಿಕೆ ಇಲ್ಲಿ ಬೇರೆಯವರ ಕೈ ಸುಡುತ್ತದೆ. ಕಪ್ಪು ಕವರಿನಲ್ಲಿ ಸುತ್ತಿ, ಮತ್ತೊಂದು ಕವರಿನಲ್ಲಿ ಕಟ್ಟಿ, ಹಸಿ ಕಸದ ತಳಕ್ಕೆ ತುರುಕಿ ಕೊಡುವವರೇ ಹೆಚ್ಚು. ಪುಣೆಯಲ್ಲಿ ‘ಸ್ವಚ್ಛ್’ ಸಹಕಾರ ಸಂಘದ ಹೆಂಗಸರು ಮನೆಮನೆಯಿಂದ ಕಸ ತಂದು ಕೈಯಾರೆ ಬೇರ್ಪಡಿಸುತ್ತಾರೆ. ಕಸದ ಲಾರಿ ಒತ್ತಿದಾಗ ಲಿಥಿಯಂ ಸೆಲ್ ನಜ್ಜುಗುಜ್ಜಾದರೆ ಬೆಂಕಿ ಹತ್ತುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸು ಪಡೆಯುವ ಹೊಣೆ ತಯಾರಕರದು, ಆಮದು ಮಾಡಿದವರದು. ಡಬ್ಬಿಯ ಮೇಲೆ ಆಮದುದಾರನ ವಿಳಾಸವೇ ಇಲ್ಲದಿದ್ದರೆ ಆ ಹೊಣೆ ಯಾರ ಬಾಗಿಲಿಗೆ ಹೋಗಬೇಕು? ಸದ್ಯಕ್ಕೆ ದಾರಿ ಒಂದೇ. ತೊಳೆದು, ಒಣಗಿಸಿ, ಚಾರ್ಜಿಂಗ್ ಚುಕ್ಕೆಗಳಿಗೆ ಟೇಪ್ ಅಂಟಿಸಿ, ‘ಲಿಥಿಯಂ ಬ್ಯಾಟರಿ’ ಎಂದು ಬರೆದ ಕವರಿನಲ್ಲಿ ಇ-ತ್ಯಾಜ್ಯದ ಡಬ್ಬಕ್ಕೆ ಹಾಕಿ. ಒಳಗಿನದು ಯಾವ ಸಾಧನ ಎಂದು ಬರೆಯಬೇಕಿಲ್ಲ.

ಕಾನೂನು ಬದಲಾಗುವವರೆಗೆ ಕಾಯದೆ ಇವತ್ತೇ ಕೇಳಬಹುದಾದ ಹಕ್ಕುಗಳೂ ಇವೆ. ಲಿಥಿಯಂ ಸೆಲ್‌ಗೆ ಐಎಸ್ 16046ರ ಅಡಿ ಬಿಐಎಸ್ ನೋಂದಣಿ ಕಡ್ಡಾಯ. ಅಡಾಪ್ಟರ್ ಜೊತೆ ಬಂದಿದ್ದರೆ ಅದಕ್ಕೂ ನೋಂದಣಿ ಬೇಕು. ‘ಆರ್’ ಅಕ್ಷರದಿಂದ ಶುರುವಾಗುವ ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. 2020ರ ಇ-ಕಾಮರ್ಸ್ ನಿಯಮಗಳು ಮಾರಾಟಗಾರನ ಹೆಸರು, ವಿಳಾಸ, ಮಾಲು ಯಾವ ದೇಶದ್ದು ಎಂಬುದನ್ನು ತೋರಿಸಲೇಬೇಕು ಎನ್ನುತ್ತವೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಕೆಟ್ಟ ಉತ್ಪನ್ನದಿಂದಾದ ಗಾಯಕ್ಕೆ ಪರಿಹಾರ ಕೇಳುವ ಪ್ರತ್ಯೇಕ ಅಧ್ಯಾಯವೇ ಇದೆ. ‘ಮಸಾಜರ್’ ಎಂಬ ಹೆಸರು ಮಾರಾಟಗಾರನಿಗೆ ಮುಸುಕಾದರೆ ನಮಗೂ ಆಗಲಿ. ದೂರಿನಲ್ಲಿ ಇಡೀ ಕಥೆ ಹೇಳಬೇಕಿಲ್ಲ, ಮಸಾಜರ್‌ನ ಬ್ಯಾಟರಿ ಊದಿದೆ, ಡಬ್ಬಿಯಲ್ಲಿ ಆಮದುದಾರನ ವಿಳಾಸವಿಲ್ಲ ಎಂದರೆ ಸಾಕು.

ಗದಗಿನ ಹುಡುಗಿ ಮಾಡಿದ್ದೂ ಅದನ್ನೇ. ಮಾರಿದವರು ಮೊದಲು, ಈ ಬಗೆಯ ಮಾಲಿಗೆ ವಾಪಸಾತಿ ಇಲ್ಲ, ಸ್ವಚ್ಛತೆಯ ಕಾರಣ ಎಂದು ಉತ್ತರಿಸಿದ್ದರು. ನಾನು ಕೂತು ಎರಡು ಸಾಲು ಬರೆಸಿದೆ: ವಾಪಸಾತಿಯ ಪ್ರಶ್ನೆಯಲ್ಲ, ಬ್ಯಾಟರಿ ದೋಷದ ಪ್ರಶ್ನೆ, ಸೆಲ್‌ನ ಬಿಐಎಸ್ ನೋಂದಣಿ ಸಂಖ್ಯೆ ಕೊಡಿ. ಸಂಖ್ಯೆ ಬರಲಿಲ್ಲ, ದುಡ್ಡು ಒಂಬತ್ತನೇ ದಿನ ಬಂತು. ಅದೇ ಮಾಲು ಅದೇ ಫೋಟೊದೊಂದಿಗೆ ಇನ್ನೂ ಅಲ್ಲೇ ಮಾರಾಟಕ್ಕಿದೆ. ಈಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಅಲ್ಲಿ ಕನ್ನಡದಲ್ಲೂ ದೂರು ಕೊಡಬಹುದು.